ಗಿಳಿಯಾದ ಅರಸ, ದೀಪ ಬೇಡವೆಂದ ದೋಣಿಯವನು

ಪ್ರಶ್ನೆ: ನಾನು ಸುರಪುರದವನು, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಟೋಲ್ಕಿನ್ ಮತ್ತು ಲವ್‌ಕ್ರಾಫ್ಟ್ ಬರೆದಿದ್ದನ್ನು ಹೆಚ್ಚುಕಡಿಮೆ ಎಲ್ಲ ಓದಿ ಮುಗಿಸಿದೆ. ಅವರಿಗಿಂತ ಮುಂಚೆ ಇಂಥ ಅದ್ಭುತ, ವಿಚಿತ್ರ ಕಥೆ ಬರೆದು ಈಗ ಮರೆತುಹೋದ ಲೇಖಕರು ಬಹಳ ಜನ ಇದ್ದಾರಂತೆ. ಅವರನ್ನು ಹುಡುಕೋದು ಹೇಗೆ? ಎಲ್ಲಿಂದ ಶುರು ಮಾಡಲಿ? ನಮ್ಮ ಕಡೆಯೂ ಅಂಥವರು ಯಾರಾದರೂ ಇದ್ದರಾ, ಅಥವಾ ಇದೆಲ್ಲ ಹೊರಗಿನವರದ್ದೇನಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇದ್ದರು. ಬಹಮನಿ ಸುಲ್ತಾನರ ಕಾಲದಲ್ಲಿ ಒಬ್ಬ ಕವಿ ಗಿಳಿಯಾಗಿ ಹಾರಿಹೋದ ಅರಸನ ಕಥೆ ಬರೆದಿದ್ದಾನೆ. ಅದಕ್ಕೂ ನಾನೂರೈವತ್ತು ವರ್ಷ ಮೊದಲು ಮಳಖೇಡದಲ್ಲಿ ಕೂತು ಇನ್ನೊಬ್ಬ ಹಿಟ್ಟಿನ ಕೋಳಿಯ ಕಥೆ ಬರೆದಿದ್ದಾನೆ. ಅವರ ಹತ್ತಿರ ಆಮೇಲೆ ಹೋಗೋಣ. ನೀವು ಹೊರಟಿದ್ದು ಇಂಗ್ಲಿಷ್ ಕಡೆಯಿಂದ, ಹಾಗಾಗಿ ಮೊದಲು ಆ ದಾರಿ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಆದರೆ ಈ ಕಥೆಗಳ ರುಚಿ ಹತ್ತಿದ್ದು ಕಾಲೇಜಿನಲ್ಲಲ್ಲ, ಕಲಬುರಗಿಯ ಒಂದು ರದ್ದಿ ಅಂಗಡಿಯಲ್ಲಿ. ತೂಕಕ್ಕೆ ಬಿದ್ದಿದ್ದ ಪುಸ್ತಕಗಳ ನಡುವೆ ರಟ್ಟು ಕಿತ್ತುಹೋದ ಒಂದು ಕಥಾಸಂಗ್ರಹ ಸಿಕ್ಕಿತು. ಮೊದಲ ಹಾಳೆಗಳೇ ಇರಲಿಲ್ಲ. ಯಾವ ಕಥೆ ಯಾರದ್ದು ಅಂತ ಗೊತ್ತಾಗುವಂತಿರಲಿಲ್ಲ. ಏಪ್ರಿಲ್ ತಿಂಗಳು, ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಹಾಸಿಗೆ ಹಾಸಿ, ಕಂದೀಲು ಪಕ್ಕಕ್ಕಿಟ್ಟುಕೊಂಡು ಓದತೊಡಗಿದೆ.

ಕಥೆ ಹೀಗಿತ್ತು. ಗಾಳಿ ನಿಂತು ಒಂದು ಹಾಯಿಹಡಗು ನಡುಸಮುದ್ರದಲ್ಲಿ ನಿಂತಲ್ಲೇ ನಿಂತಿದೆ. ಕಗ್ಗತ್ತಲು, ಮಂಜು. ಕತ್ತಲೊಳಗಿಂದ ಒಂದು ದನಿ ಹಡಗಿನವರನ್ನು ಕೂಗುತ್ತದೆ. ಯಾರೋ ಮುದುಕ ಸಣ್ಣ ದೋಣಿಯಲ್ಲಿ ಬಂದಿದ್ದಾನೆ. ಅವನಿಗೆ ಬೇಕಾಗಿರುವುದು ತಿನ್ನಲು ಒಂದಿಷ್ಟು ಆಹಾರ, ತನಗಲ್ಲ, ದ್ವೀಪದಲ್ಲಿರುವ ತನ್ನ ಹೆಣ್ಣಿಗೆ. ಆದರೆ ಹತ್ತಿರ ಬರಲು ಒಲ್ಲ. ಹಡಗಿನವರು ಲಾಂದ್ರ ಎತ್ತಿ ಹಿಡಿದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ದೀಪ ಬೇಡ, ದಯವಿಟ್ಟು ದೀಪ ಬೇಡ ಎನ್ನುತ್ತಾನೆ. ಕೊನೆಗೆ ಆಹಾರವನ್ನು ಪೆಟ್ಟಿಗೆಯಲ್ಲಿಟ್ಟು ನೀರಿನ ಮೇಲೆ ತೇಲಿಬಿಡುತ್ತಾರೆ. ಕೆಲ ಹೊತ್ತಿನ ಮೇಲೆ ಆ ದನಿ ಮತ್ತೆ ಬಂದು, ಋಣ ತೀರಿಸಲು ತನ್ನ ಹತ್ತಿರ ಬೇರೇನೂ ಇಲ್ಲವೆಂದು ಕತ್ತಲಲ್ಲೇ ತನ್ನ ಕಥೆ ಹೇಳುತ್ತದೆ. ಹಡಗು ಮುಳುಗಿ ಇಬ್ಬರೇ ಉಳಿದಿದ್ದು, ಬೂದು ಬಣ್ಣದ ಬೂಷ್ಟು ಹಬ್ಬಿದ ಒಂದು ದ್ವೀಪ ಸೇರಿದ್ದು, ಕೆರೆದಷ್ಟೂ ಅದು ಮತ್ತೆ ಬೆಳೆದಿದ್ದು. ಒಂದು ಬೆಳಗ್ಗೆ ಅವಳ ಹೆಬ್ಬೆರಳ ಮೇಲೆ ಒಂದು ಚುಕ್ಕೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಮುಂದಿನದನ್ನು ನೀವೇ ಓದಬೇಕು. ನಾನಂತೂ ಆ ರಾತ್ರಿ ಕಂದೀಲು ಆರಿಸಲಿಲ್ಲ.

ಇದನ್ನು ಬರೆದವರ ಹೆಸರು ತಿಳಿಯಲು ನನಗೆ ಏಳೆಂಟು ವರ್ಷ ಹಿಡಿಯಿತು. ವಿಲಿಯಂ ಹೋಪ್ ಹಾಡ್ಜ್‌ಸನ್. ಕಥೆಯ ಹೆಸರು 'ದಿ ವಾಯ್ಸ್ ಇನ್ ದಿ ನೈಟ್', 1907ರದ್ದು. ಪಾದ್ರಿಯ ಮಗ, ಹದಿಮೂರನೇ ವಯಸ್ಸಿಗೆ ಮನೆ ಬಿಟ್ಟು ಓಡಿ ಹಡಗು ಸೇರಲು ನೋಡಿದವನು. ಸಮುದ್ರದ ಮೇಲೆ ವರ್ಷಗಟ್ಟಲೆ ದುಡಿದ, ಆಮೇಲೆ ಬ್ಲ್ಯಾಕ್‌ಬರ್ನ್ ಎಂಬ ಊರಲ್ಲಿ ಗರಡಿ ನಡೆಸಿದ. 1908ರಲ್ಲಿ 'ದಿ ಹೌಸ್ ಆನ್ ದಿ ಬಾರ್ಡರ್‌ಲ್ಯಾಂಡ್' ಬರೆದ. 1918ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರದ ಯುದ್ಧಭೂಮಿಯಲ್ಲಿ ಶೆಲ್ ಬಿದ್ದು ಸತ್ತಾಗ ವಯಸ್ಸು 40. ಅದಾದ ಮೇಲೆ ಅವನ ಪುಸ್ತಕಗಳನ್ನು ಕೇಳುವವರಿರಲಿಲ್ಲ. 1930ರ ದಶಕದಲ್ಲಿ ಎಚ್. ಸಿ. ಕೊಯ್ನಿಗ್ ಎಂಬ ಒಬ್ಬ ಅಭಿಮಾನಿ ತನ್ನ ಹತ್ತಿರವಿದ್ದ ಪ್ರತಿಗಳನ್ನು ಗೆಳೆಯರಿಗೆ ಕಡ ಕೊಟ್ಟು ಓದಿಸಿದ. ಆ ಕಡದ ಪ್ರತಿಗಳು ಲವ್‌ಕ್ರಾಫ್ಟ್ ಕೈಗೂ ಬಂದವು. ಅಲ್ಲಿಂದ ಹಾಡ್ಜ್‌ಸನ್‌ಗೆ ಎರಡನೇ ಜನ್ಮ.

ನಿಮ್ಮ 'ಹುಡುಕೋದು ಹೇಗೆ' ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಕಥೆಗಾರರು ಒಬ್ಬರಿಂದೊಬ್ಬರು ಸಾಲ ತರುತ್ತಾರೆ. ಒಳ್ಳೆಯ ಕಥೆಗಾರರು ಆ ಸಾಲವನ್ನು ಮುಚ್ಚಿಡುವುದಿಲ್ಲ. ನಿಮಗೆ ಇಷ್ಟವಾದ ಲೇಖಕ ಯಾರಿಂದ ಸಾಲ ತಂದಿದ್ದಾನೆ ನೋಡಿ, ಆ ಮನೆಗೆ ಹೋಗಿ. ಅಲ್ಲಿಂದ ಮುಂದಿನ ಮನೆಗೆ.

ಒಂದು ಉದಾಹರಣೆ ಹಿಡಿದು ನೋಡೋಣ. ಲವ್‌ಕ್ರಾಫ್ಟ್ ಅವರ 'ದಿ ವಿಸ್ಪರರ್ ಇನ್ ಡಾರ್ಕ್‌ನೆಸ್' ಓದಿದ್ದೀರಲ್ವಾ? ಅದರಲ್ಲಿ ಹಸ್ತೂರ್, ಹಾಲಿ ಕೆರೆ, ಹಳದಿ ಚಿಹ್ನೆ ಎಂಬ ಹೆಸರುಗಳು ಸುಮ್ನೆ ಬಂದು ಹೋಗುತ್ತವೆ. ವಿವರಣೆಯೇ ಇಲ್ಲ. ಅವು ಬಂದಿದ್ದು ರಾಬರ್ಟ್ ಚೇಂಬರ್ಸ್ 1895ರಲ್ಲಿ ಬರೆದ 'ದಿ ಕಿಂಗ್ ಇನ್ ಯೆಲ್ಲೋ' ಪುಸ್ತಕದಿಂದ. ಓದಿದವರ ತಲೆ ಕೆಡಿಸುವ ಒಂದು ನಾಟಕ ಅದರೊಳಗೆ ಬರುತ್ತದೆ. ಚೇಂಬರ್ಸ್ ಆ ನಾಟಕವನ್ನು ಪೂರ್ತಿ ತೋರಿಸುವುದೇ ಇಲ್ಲ, ಅಲ್ಲೊಂದು ಇಲ್ಲೊಂದು ಸಾಲು ಮಾತ್ರ. ಸರಿ, ಚೇಂಬರ್ಸ್‌ಗೆ ಹಸ್ತೂರ್, ಹಾಲಿ, ಕಾರ್ಕೋಸಾ ಎಂಬ ಹೆಸರುಗಳು ಎಲ್ಲಿಂದ ಸಿಕ್ಕವು? ಆಂಬ್ರೋಸ್ ಬಿಯರ್ಸ್ ಹತ್ತಿರ. ಕಾರ್ಕೋಸಾ ಎಂಬ ಹಾಳೂರಿನ ಬಗ್ಗೆ ಬಿಯರ್ಸ್ 1886ರಲ್ಲೇ ನಾಲ್ಕೈದು ಪುಟದ ಒಂದು ಕಥೆ ಬರೆದಿದ್ದ. ಆ ಮನುಷ್ಯ ಎಪ್ಪತ್ತು ದಾಟಿದ ಮೇಲೆ, 1913ರ ಕೊನೆಯಲ್ಲಿ, ದಂಗೆ ನಡೆಯುತ್ತಿದ್ದ ಮೆಕ್ಸಿಕೋಗೆ ಹೋದ. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ನೋಡಿ, ಒಂದು ಕೆರೆಯ ಹೆಸರು ಹಿಡಿದು ಇಬ್ಬರು ಲೇಖಕರು ಸಿಕ್ಕರು.

ಇಷ್ಟೆಲ್ಲ ಪತ್ತೇದಾರಿ ಮಾಡದೆಯೂ ಒಂದು ದೊಡ್ಡ ಪಟ್ಟಿ ನಿಮ್ಮ ಕೈಗೆ ಸಿಗುತ್ತದೆ. ಲವ್‌ಕ್ರಾಫ್ಟ್ ತನ್ನ ಸಾಲದ ಲೆಕ್ಕವನ್ನು ತಾನೇ ಬರೆದಿಟ್ಟಿದ್ದಾನೆ. 'ಸೂಪರ್‌ನ್ಯಾಚುರಲ್ ಹಾರರ್ ಇನ್ ಲಿಟರೇಚರ್' ಎಂಬ ಉದ್ದನೆಯ ಪ್ರಬಂಧ, 1927ರಲ್ಲಿ ಮೊದಲು ಅಚ್ಚಾಯಿತು, ಆಮೇಲೆ ತಿದ್ದಿ ಬೆಳೆಸಿದ. ಅದರ ಕೊನೆಯ ಭಾಗದಲ್ಲಿ ನಾಲ್ವರನ್ನು ಗುರುಗಳ ಸ್ಥಾನದಲ್ಲಿ ಕೂರಿಸುತ್ತಾನೆ: ಆರ್ಥರ್ ಮ್ಯಾಕನ್, ಆಲ್ಜರ್ನನ್ ಬ್ಲ್ಯಾಕ್‌ವುಡ್, ಲಾರ್ಡ್ ಡನ್ಸನಿ, ಎಂ. ಆರ್. ಜೇಮ್ಸ್. ಬ್ಲ್ಯಾಕ್‌ವುಡ್ ಅವರ 'ದಿ ವಿಲ್ಲೋಸ್' (1907) ಡ್ಯಾನ್ಯೂಬ್ ನದಿಯ ನಡುಗಡ್ಡೆಯೊಂದರಲ್ಲಿ ನಡೆಯುತ್ತದೆ. ಗಿಡಗಳು, ನೀರು, ಗಾಳಿ ಬಿಟ್ಟರೆ ಅದರಲ್ಲಿ ಭೂತವೆಂಬುದು ಕಾಣಿಸುವುದೇ ಇಲ್ಲ. ಆದರೂ ಬೆನ್ನು ತಣ್ಣಗಾಗುತ್ತದೆ. ನನ್ನ ಮಟ್ಟಿಗೆ ಈ ನಾಲ್ವರಲ್ಲಿ ಮೊದಲು ಓದಬೇಕಾದ್ದು ಅದು.

ಮ್ಯಾಕನ್ ವೇಲ್ಸ್‌ನವನು. ಅವನ ಬಗ್ಗೆ ಒಂದು ಸಂಗತಿ ಹೇಳಲೇಬೇಕು. 1914ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಒಂದು ದಿನಪತ್ರಿಕೆಯಲ್ಲಿ 'ದಿ ಬೋಮನ್' ಎಂಬ ಚಿಕ್ಕ ಕಥೆ ಬರೆದ. ಸೋಲುತ್ತಿದ್ದ ಇಂಗ್ಲಿಷ್ ಸೈನಿಕರ ನೆರವಿಗೆ ಹಳೇ ಕಾಲದ ಬಿಲ್ಲುಗಾರರ ಆತ್ಮಗಳು ಬಂದು ಬಾಣ ಬಿಡುವ ಕಥೆ. ಜನ ಅದನ್ನು ನಿಜವೆಂದೇ ನಂಬಿದರು. ಬಿಲ್ಲುಗಾರರು ಬಾಯಿಂದ ಬಾಯಿಗೆ ಹೋಗಿ ದೇವದೂತರಾದರು. ಇದು ನಾನು ಕಟ್ಟಿದ ಕಥೆ ಅಂತ ಮ್ಯಾಕನ್ ಎಷ್ಟು ಸಲ ಹೇಳಿದರೂ ಕೇಳುವವರಿರಲಿಲ್ಲ. ಕಥೆ ಹಬ್ಬಿತು, ಬರೆದವನ ಹೆಸರು ಹಿಂದೆ ಉಳಿಯಿತು.

ಟೋಲ್ಕಿನ್ ಕಡೆಯ ದಾರಿ ಬೇರೆ. ಅಲ್ಲಿ ವಿಲಿಯಂ ಮಾರಿಸ್ ಸಿಗುತ್ತಾರೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಬರುವ 'ಸತ್ತವರ ಜವುಗು ನೆಲ'ದ ವರ್ಣನೆಗೆ ಮಾರಿಸ್ ಋಣ ಇದೆ ಅಂತ ಟೋಲ್ಕಿನ್ ತಾನೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಜಾರ್ಜ್ ಮ್ಯಾಕ್‌ಡೊನಾಲ್ಡ್ ಬರೆದ 'ಫ್ಯಾಂಟಾಸ್ಟೀಸ್' 1858ರದ್ದು. ಟೋಲ್ಕಿನ್ ಗೆಳೆಯ ಸಿ. ಎಸ್. ಲೂಯಿಸ್ ಹುಡುಗನಾಗಿದ್ದಾಗ ಅದನ್ನು ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಕೊಂಡು ಓದಿ ಬೇರೆಯೇ ಮನುಷ್ಯನಾದರು. ಡನ್ಸನಿ ಎರಡೂ ದಾರಿಗಳು ಕೂಡುವ ಕಡೆ ಇದ್ದಾನೆ. ಐರ್ಲೆಂಡಿನ ಜಮೀನ್ದಾರ, ಮೊದಲ ಪುಸ್ತಕ 'ದಿ ಗಾಡ್ಸ್ ಆಫ್ ಪೆಗಾನಾ'ವನ್ನು 1905ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಹೊಸ ದೇವರುಗಳನ್ನೇ ಸೃಷ್ಟಿ ಮಾಡಿ ಅವರಿಗೊಂದು ಪುರಾಣ ಬರೆದ. ಇ. ಆರ್. ಎಡಿಸನ್ ಬರೆದ 'ದಿ ವರ್ಮ್ ಔರೊಬೊರಸ್' (1922) ದೊಡ್ಡ ಕೃತಿಯೇ, ಆದರೆ ಭಾಷೆ ಬೇಕಂತಲೇ ಹಳೆಯದು. ಅದನ್ನು ಕೊನೆಗಿಟ್ಟುಕೊಳ್ಳಿ. ಹಾಡ್ಜ್‌ಸನ್ ಅವರ 'ದಿ ನೈಟ್ ಲ್ಯಾಂಡ್'ಗೂ ಇದೇ ಮಾತು. ಕಲ್ಪನೆ ಅದ್ಭುತ, ಭಾಷೆ ಹೆಜ್ಜೆ ಹೆಜ್ಜೆಗೂ ಕಾಲಿಗೆ ತೊಡರುತ್ತದೆ.

ಆದರೆ ಈ ಸಾಲದ ದಾರಿಯಲ್ಲಿ ಒಂದು ತೊಂದರೆ ಇದೆ. ಗಂಡಸರು ಗಂಡಸರ ಹೆಸರನ್ನೇ ಜಾಸ್ತಿ ಹೇಳಿದ್ದಾರೆ. ಹೆಣ್ಣುಮಕ್ಕಳನ್ನು ಹುಡುಕಬೇಕಾದರೆ ಹಳೇ ಪತ್ರಿಕೆಗಳ ಪರಿವಿಡಿಗೇ ಕೈ ಹಾಕಬೇಕು. ಅಲ್ಲೂ ಹೆಸರು ನೋಡಿ ಮೋಸ ಹೋಗಬಾರದು. ಫ್ರಾನ್ಸಿಸ್ ಸ್ಟೀವನ್ಸ್ ಎಂಬ ಹೆಸರಲ್ಲಿ 1917ರಿಂದ ಅಮೆರಿಕದ ಪತ್ರಿಕೆಗಳಲ್ಲಿ ಕಥೆ, ಕಾದಂಬರಿಗಳು ಬಂದವು. 'ದಿ ಸಿಟಾಡೆಲ್ ಆಫ್ ಫಿಯರ್' 1918ರದ್ದು, 'ಕ್ಲೇಮ್ಡ್' 1920ರದ್ದು. ಇದು ಎ. ಮೆರಿಟ್ ಎಂಬ ಆಗಿನ ಜನಪ್ರಿಯ ಲೇಖಕನ ಗುಪ್ತನಾಮ ಅಂತಲೇ ಬಹಳ ಓದುಗರು ತಿಳಿದಿದ್ದರು. ಬರೆದವರು ಗರ್ಟ್ರೂಡ್ ಬ್ಯಾರೋಸ್ ಬೆನೆಟ್. ಗಂಡ ತೀರಿಹೋಗಿದ್ದ, ಕೈಯಲ್ಲಿ ಪುಟ್ಟ ಮಗಳು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಸ್ಟೆನೋಗ್ರಾಫರ್ ಕೆಲಸ ಮಾಡಿ ಗೊತ್ತಿದ್ದ ಆ ಹೆಣ್ಣುಮಗಳು ಮನೆ ನಡೆಸಲು ಕಥೆ ಬರೆದಳು. ಕೆಲವೇ ವರ್ಷ ಬರೆದು ನಿಲ್ಲಿಸಿಬಿಟ್ಟಳು. ಅಗ್ಗದ ಕಾಗದದ ಆ ಪತ್ರಿಕೆಗಳು ಪುಡಿಯಾದವು, ಹೆಸರೂ ಅದರ ಜೊತೆಗೆ ಹೋಯಿತು. ಆಕೆಯ ಬಗ್ಗೆ ಬರೆಯುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬರವಣಿಗೆ ಚೆನ್ನಾಗಿಲ್ಲದೆ ಮರೆತಿದ್ದರೆ ಬೇರೆ ಮಾತು. ಇಲ್ಲಿ ಹಾಗಾಗಲಿಲ್ಲ.

ಹೋಪ್ ಮಿರ್ಲೀಸ್ 1926ರಲ್ಲಿ ಬರೆದ 'ಲಡ್ ಇನ್ ದಿ ಮಿಸ್ಟ್' ಕೂಡ ತಪ್ಪಿಸಬೇಡಿ. ಗಂಧರ್ವ ನಾಡಿನ ಗಡಿಗೆ ಹತ್ತಿದ ಒಂದು ವ್ಯಾಪಾರಿ ಊರು. ಆ ನಾಡಿನ ಹಣ್ಣು ಕಳ್ಳಸಾಗಣೆಯಲ್ಲಿ ಊರೊಳಗೆ ಬರುತ್ತದೆ, ತಿಂದವರು ಮೊದಲಿನಂತೆ ಉಳಿಯುವುದಿಲ್ಲ. ಆದರೆ ಮರ್ಯಾದಸ್ಥರು ಆ ಹಣ್ಣಿನ ಹೆಸರು ಎತ್ತುವಂತಿಲ್ಲ. ಹಾಗಾಗಿ ಆ ಊರಿನ ಕಾಯ್ದೆಯಲ್ಲಿ ಹಣ್ಣು ಎಂದರೆ ರೇಷ್ಮೆ ಬಟ್ಟೆ! ಕೇಸು ನಡೆಯುವುದೆಲ್ಲ ರೇಷ್ಮೆಯ ಹೆಸರಲ್ಲಿ. 1970ರಲ್ಲಿ ಅಮೆರಿಕದಲ್ಲಿ ಈ ಪುಸ್ತಕ ಮತ್ತೆ ಅಚ್ಚಾದಾಗ ಆಕೆಯ ಒಪ್ಪಿಗೆಯನ್ನೇ ಪಡೆದಿರಲಿಲ್ಲ. ಆಕೆ ಬದುಕಿದ್ದರು. 1978ರವರೆಗೂ ಇದ್ದರು.

ಈಗ ನಮ್ಮ ಕಡೆ ಬರೋಣ.

ಬಹಮನಿ ಅಹ್ಮದ್ ಷಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಸುಲ್ತಾನ. ಬೀದರ್ ಹತ್ತಿರ ಅಷ್ಟೂರಿನಲ್ಲಿ ಅವನ ಗೋರಿ ಇದೆ, ಒಳಗಿನ ಗುಮ್ಮಟದ ಬಣ್ಣಗಳನ್ನು ನೀವು ನೋಡಿರಬಹುದು. ಅವನ ಕಾಲಕ್ಕೆ, ಅಂದರೆ 1422ರಿಂದ 1436ರೊಳಗೆ, ನಿಜಾಮಿ ಎಂಬ ಕವಿ ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಹಳೆಯ ಉರ್ದುವಿನಲ್ಲಿ, ಒಂದು ಕಥಾಕಾವ್ಯ ಬರೆದ. ಇವತ್ತಿಗೆ ಉಳಿದಿರುವ ದಖನಿ ಕಥಾಕಾವ್ಯಗಳಲ್ಲಿ ಇದೇ ಹಳೆಯದು. ಸಿಕ್ಕಿರುವುದು ಒಂದೇ ಹಸ್ತಪ್ರತಿ, ಅದೂ ಪೂರ್ತಿಯಾಗಿಲ್ಲ. ಹೀಗಾಗಿ ಕವಿ ಇಟ್ಟ ಹೆಸರು ಉಳಿದಿಲ್ಲ, ಪಾತ್ರಗಳ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ: 'ಕದಮ್ ರಾವ್ ಪದಮ್ ರಾವ್'.

ಕದಮ್ ರಾವ್ ಅರಸ. ಪದಮ್ ರಾವ್ ಅವನ ಮಂತ್ರಿ, ಆದರೆ ಮನುಷ್ಯನಲ್ಲ, ನಾಗರಹಾವು. ಅರಮನೆಗೆ ಅಖರನಾಥನೆಂಬ ಜೋಗಿ ಬರುತ್ತಾನೆ. ಕಬ್ಬಿಣವನ್ನು ಚಿನ್ನ ಮಾಡಿ ತೋರಿಸಿ ಅರಸನ ಮನಸ್ಸು ಗೆಲ್ಲುತ್ತಾನೆ. ಆಮೇಲೆ ಪರಕಾಯ ಪ್ರವೇಶದ ವಿದ್ಯೆ ಕಲಿಸುತ್ತಾನೆ. ಅರಸ ಆಸೆಗೆ ಬಿದ್ದು ಸತ್ತ ಗಿಳಿಯೊಂದರ ದೇಹದೊಳಗೆ ಹೋಗುತ್ತಾನೆ. ಜೋಗಿ ಕಾದಿದ್ದೇ ಅದಕ್ಕೆ. ಖಾಲಿ ಬಿದ್ದ ಅರಸನ ದೇಹದೊಳಗೆ ತಾನು ಹೊಕ್ಕು ಸಿಂಹಾಸನ ಏರಿಬಿಡುತ್ತಾನೆ. ಗಿಳಿಯಾದ ಅರಸ ಜೀವ ಉಳಿಸಿಕೊಳ್ಳಲು ಹಾರಿ ಹಾರಿ ಕೊನೆಗೆ ಆ ನಾಗನ ಹತ್ತಿರ ಬರುತ್ತಾನೆ. ನಾನೇ ನಿನ್ನ ಒಡೆಯ ಅಂತ ಗಿಳಿ ಹಾವಿಗೆ ನಂಬಿಸಬೇಕು! ಮುಂದೆ ಜೋಗಿಯನ್ನು ಕಚ್ಚಿ ಅರಸನಿಗೆ ದೇಹ ತಿರುಗಿ ಕೊಡಿಸುವವನು ಪದಮ್ ರಾವ್.

ನನಗೆ ಉರ್ದು ಲಿಪಿ ಬರುವುದಿಲ್ಲ. ನಮ್ಮ ಓಣಿಯ ಉರ್ದು ಮಾಸ್ತರರೊಬ್ಬರು ಸಂಜೆ ಹೊತ್ತು ನನ್ನೆದುರು ಕೂತು ಇದನ್ನು ಗಟ್ಟಿಯಾಗಿ ಓದಿದರು. ಕರಾಚಿಯಲ್ಲಿ ಜಮೀಲ್ ಜಾಲಿಬಿ ಸಂಪಾದಿಸಿ 1973ರಲ್ಲಿ ಅಚ್ಚು ಮಾಡಿಸಿದ ಪಾಠ ಅದು. ಮೊದಲ ಸಾಲು ಕೇಳಿಯೇ ನಾನು ನೆಟ್ಟಗೆ ಕೂತೆ. ದೇವರನ್ನು ಕರೆಯುವ ಮಾತು 'ಗುಸಾಯಿಂ'. ಎರಡೂ ಜಗಕ್ಕೆ ನೀನೇ ಆಧಾರ ಅನ್ನುತ್ತಾನೆ ಕವಿ. ಜಗ, ಆಧಾರ ಎರಡೂ ನಮಗೆ ಗೊತ್ತಿರುವ ಮಾತೇ ಅಲ್ವಾ? ಲಿಪಿ ಬೇರೆ ಅಂತ ನಾನು ಇಷ್ಟು ವರ್ಷ ಇದರ ಹತ್ತಿರ ಹೋಗಿರಲಿಲ್ಲ. ಮಾಸ್ತರರಿಗೂ ಕೆಲವು ಪದ ಕಟ್ಟಿದವು, ಅಷ್ಟು ಹಳೆಯ ಮಾತು. ಅಂಥಲ್ಲಿ ಇಬ್ಬರೂ ಕೂಡಿ ಬಿಡಿಸಿದೆವು, ಕೆಲವು ಕಡೆ ನನ್ನ ಕನ್ನಡವೇ ದಾರಿ ತೋರಿಸಿತು.

ಮಳಖೇಡದ ಕಥೆ ಇನ್ನೂ ಹಿಂದಿನದು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದಲ್ಲಿ, ಹತ್ತನೇ ಶತಮಾನದಲ್ಲಿ, ಪುಷ್ಪದಂತ ಎಂಬ ಕವಿ ಅಲ್ಲಿದ್ದ. ಅಪಭ್ರಂಶ ಭಾಷೆಯಲ್ಲಿ 'ಜಸಹರಚರಿಉ' ಬರೆದ, ಅಂದರೆ ಯಶೋಧರನ ಚರಿತೆ. ಇದೇ ಕಥೆಯನ್ನು ಜನ್ನ 1209ರಲ್ಲಿ ಕನ್ನಡದಲ್ಲಿ ಬರೆದ, ಅದನ್ನು ನಾವು ಓದುತ್ತೇವೆ. ಪುಷ್ಪದಂತನ ಹೆಸರು ಕಲಬುರಗಿ ಜಿಲ್ಲೆಯಲ್ಲೇ ಎಷ್ಟು ಜನಕ್ಕೆ ಗೊತ್ತು? ಕೆಟ್ಟ ಕನಸಿನ ಪರಿಹಾರಕ್ಕೆ ಕೋಳಿ ಬಲಿ ಕೊಡು ಎನ್ನುತ್ತಾಳೆ ಯಶೋಧರನ ತಾಯಿ. ಕೊಲ್ಲಲು ಮನಸ್ಸಿಲ್ಲದ ಮಗ ಹಿಟ್ಟಿನ ಕೋಳಿ ಮಾಡಿಸಿ ಕಡಿಯುತ್ತಾನೆ. ಜನ್ನನಲ್ಲಿ, ಕತ್ತಿ ಬಿದ್ದ ಕೂಡಲೇ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಬರೀ ಸಂಕಲ್ಪದ ಕೊಲೆಗೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ ಹುಟ್ಟುತ್ತಾರೆ, ಮತ್ತೊಂದು ಜನ್ಮದಲ್ಲಿ ಒಬ್ಬರನ್ನೊಬ್ಬರು ಕಚ್ಚಾಡುತ್ತಾರೆ, ಕೊನೆಗೆ ಕೋಳಿಗಳೇ ಆಗುತ್ತಾರೆ. ಇದನ್ನು ಬರೀ ಧರ್ಮದ ಕಥೆ ಅಂತ ಪರೀಕ್ಷೆಗೆ ಓದಿ ಮುಗಿಸಿದ್ದರೆ ಮತ್ತೊಮ್ಮೆ ತೆಗೆಯಿರಿ. ಆ ಕೂಗಿಗೆ ಸಮನಾದದ್ದು ಮ್ಯಾಕನ್‌ನಲ್ಲೂ ಇಲ್ಲ ಎಂದು ನಾನು ನಂಬಿದ್ದೇನೆ.

ನಡುವೆ ಇನ್ನಷ್ಟು ಹೆಸರುಗಳಿವೆ, ಬೇಗ ಹೇಳುತ್ತೇನೆ. ಲಖನೌದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಮುಹಮ್ಮದ್ ಹುಸೇನ್ ಜಾಹ್ ಉರ್ದುವಿನಲ್ಲಿ ಬರೆದ 'ತಿಲಿಸ್ಮ್‌-ಎ-ಹೋಶ್‌ರುಬಾ' ಸಂಪುಟಗಳನ್ನು ತಂದಿತು. ಮಾಂತ್ರಿಕರ ಲೋಕ, ಏನು ಹಾಕಿದರೂ ತುಂಬದ ಜೋಳಿಗೆಯ ಅಮರ್ ಅಯ್ಯಾರ್. ಅದರ ಮೊದಲ ಭಾಗ 2009ರಲ್ಲಿ ಇಂಗ್ಲಿಷಿಗೆ ಬಂದಿದೆ. ಬಂಗಾಳಿಯಲ್ಲಿ ತ್ರೈಲೋಕ್ಯನಾಥ ಮುಖೋಪಾಧ್ಯಾಯರ 'ಕಂಕಾವತಿ' 1892ರದ್ದು. ಬೇಗಂ ರೊಕೆಯಾ 1905ರಲ್ಲಿ ಮದರಾಸಿನ ಒಂದು ಪತ್ರಿಕೆಗೆ 'ಸುಲ್ತಾನಾಸ್ ಡ್ರೀಮ್' ಬರೆದರು. ಹೆಂಗಸರು ಸೌರಶಕ್ತಿಯಿಂದ ನಾಡು ನಡೆಸುತ್ತಾರೆ, ಗಂಡಸರು ಜನಾನಾದಲ್ಲಿ! ಹತ್ತು ಹನ್ನೆರಡು ಪುಟ ಅಷ್ಟೇ, ಇವತ್ತೇ ಓದಬಹುದು.

ಸಿಗುವುದೆಲ್ಲಿ ಅಂದರೆ, ಹಳೆಯ ಇಂಗ್ಲಿಷ್ ಪುಸ್ತಕಗಳಿಗೆ ದುಡ್ಡು ಕೊಡಬೇಕಾಗಿಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿ 60 ವರ್ಷ ಆದ ಮೇಲೆ ಹಕ್ಕು ಮುಗಿಯುತ್ತದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ನಾನು ಹೇಳಿದ ಹೆಚ್ಚಿನವು ಪುಕ್ಕಟೆ ಇವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ 1923ರಲ್ಲಿ ಶುರುವಾದ 'ವಿಯರ್ಡ್ ಟೇಲ್ಸ್' ಪತ್ರಿಕೆಯ ಸಂಚಿಕೆಗಳನ್ನು ಹಾಗೆ ಹಾಗೇ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಒಂದು ಸಂಚಿಕೆ ತೆಗೆದು, ಗೊತ್ತಿರುವ ಹೆಸರನ್ನು ಬಿಟ್ಟು, ಅದರ ಪಕ್ಕದ ಕಥೆ ಓದಿ. ಜಾಸ್ತಿ ಸಲ ನಿರಾಸೆಯಾಗುತ್ತದೆ. ಹತ್ತರಲ್ಲಿ ಒಂದು ಸಲ ಆಗುವುದಿಲ್ಲ. ಜೊತೆಗೊಂದು ನೋಟ್‌ಬುಕ್ ಇರಲಿ. ಮುನ್ನುಡಿಯಲ್ಲಿ, ಅರ್ಪಣೆಯ ಪುಟದಲ್ಲಿ ಬರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.

ಕೊನೆಗೆ ನಿಮ್ಮ ಸುರಪುರ. ನಿಮ್ಮೂರ ಟೇಲರ್ ಮಂಜಿಲ್ ಕಟ್ಟಿಸಿ ಅಲ್ಲಿದ್ದ ಮೆಡೋಸ್ ಟೇಲರ್ ಇಂಥ ಅದ್ಭುತ ಕಥೆಗಳನ್ನು ಬರೆದವನಲ್ಲ, ಕಂಪನಿ ಕಾಲದ ಅಧಿಕಾರಿ. 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ಅವನು ಸತ್ತ ಮೇಲೆ 1877ರಲ್ಲಿ ಬಂದ ಆತ್ಮಕಥೆ 'ಸ್ಟೋರಿ ಆಫ್ ಮೈ ಲೈಫ್'ನಲ್ಲಿ ಒಂದು ಪ್ರಸಂಗ ಇದೆ. ಬಾಲಕ ರಾಜ ವೆಂಕಟಪ್ಪ ನಾಯಕನ ಜಾತಕ. ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಅಂತ ಅದರಲ್ಲಿತ್ತು. 1858ರಲ್ಲಿ ಆ ರಾಜನನ್ನು ಸೆರೆಯಾಳಾಗಿ ಒಯ್ಯುವಾಗ ಗುಂಡು ತಗಲಿ ಸತ್ತ. ಟೇಲರ್ ಅಧಿಕಾರಿಯ ಕಣ್ಣಿನಿಂದಲೇ ಬರೆದಿದ್ದಾನೆ, ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೆ ಆ ಪುಟಗಳನ್ನು ಓದುವಾಗ ನನಗೆ ಯಾವ ಭೂತದ ಕಥೆಗಿಂತ ಕಡಿಮೆ ಅನ್ನಿಸಲಿಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ಮೊಬೈಲಿನಲ್ಲಿ ಆ ಭಾಗ ತೆಗೆದು, ಆ ಬಂಗಲೆ ಇರುವ ಗುಡ್ಡದ ಮೇಲೆ ಕೂತು ಓದಿ. ರಾಜನ ಸಾವನ್ನು ನಿಮ್ಮ ಮುತ್ಯಾ ಬೇರೆ ಥರ ಹೇಳಿದರೆ, ಅದನ್ನು ಅದೇ ನೋಟ್‌ಬುಕ್ಕಿನಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ.